ಬಾಯಮ್ಮನ ಜೊತೆ ಆಮರಣ ಉಪವಾಸ

ಜಗಳ ಮಾಡುವುದು ನನ್ನ ಕಸುಬು. ಓದಿದ್ದು ಏಳನೇ ಕ್ಲಾಸು. ಕಾನೂನು ಕಲಿತದ್ದು ನಾನು ಕೆಲಸ ಮಾಡುವ ಮಹಾಪೆಯ ಕ್ಯಾಂಟೀನಿನಲ್ಲಿ, ವಡೆ ಕಟ್ಟಿಕೊಡಲು ತರುತ್ತಿದ್ದ ಹಳೇ ಪೇಪರಿನಿಂದ. ಆದರೆ ಮರಾಠಿ ನಾಡಿನ ಠಾಕುರ್ಲಿಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ನಾನು ಎಷ್ಟೇ ಗಂಭೀರವಾಗಿ ಜಗಳ ತೆಗೆದರೂ ಅದು ನಗೆಪಾಟಲಾಗಿಯೇ ಮುಗಿಯುತ್ತದೆ. ಕಾರಣ, ಎದುರು ಮನೆಯ ಬಾಯಮ್ಮ. ಕ್ರಿಶ್ಚಿಯನ್ ಹೆಂಗಸರನ್ನು ನಮ್ಮೂರ ಕಡೆ ಕರೆಯುವುದೇ ಹಾಗೆ. ನಿವೃತ್ತ ನರ್ಸು. ಮೊಣಕಾಲು ನೋವು, ಮೂರನೇ ಮಹಡಿ, ಲಿಫ್ಟಿಲ್ಲ.

ನಮ್ಮ ಬಿ ವಿಂಗಿಗೆ ದಿನಕ್ಕೆ ಹತ್ತೇ ನಿಮಿಷ ನೀರು. ವಾಲ್ವು ಸೆಕ್ರೆಟರಿಯ ಕೈಯಲ್ಲಿ, ಸೆಕ್ರೆಟರಿ ಎ ವಿಂಗಿನಲ್ಲಿ. ಅಲ್ಲಿ ಕಾರು ತೊಳೆಯುವಷ್ಟು ನೀರು. ಬಾಯಮ್ಮ ಕೆಳಗಿನ ನಲ್ಲಿಯಿಂದ ಕೊಡ ಹೊತ್ತು ಮೆಟ್ಟಿಲು ಹತ್ತುವುದು ಕಂಡರೆ ನನ್ನ ರಕ್ತ ಕುದಿಯುತ್ತಿತ್ತು.

೧. ನನ್ನ ಬಾಗಿಲ ಕೊಡ

ಬೆಳಗಿನ ಪಾಳಿ ಮುಗಿಸಿ ಬಂದರೆ ನನ್ನ ಬಾಗಿಲಲ್ಲೂ ಒಂದು ತುಂಬಿದ ಕೊಡ.

"ಬಾಯಮ್ಮ, ನಾನು ಹೋರಾಟಗಾರ. ನನಗೆ ಯಾರ ದಯೆಯೂ ಬೇಡ!" ಎಂದು ಕೂಗಿದೆ.

"ದಯೆ ಅಲ್ಲ ಮಾರಾಯ್ರೆ," ಅಂದರು. "ನೀವು ಮೂರು ದಿನದಿಂದ ಸ್ನಾನ ಮಾಡ್ಲಿಲ್ಲ. ನಾನು ಎದುರು ಮನೆಯಲ್ಲಿ ಇರ್ಬೇಕಲ್ಲ?"

೨. ಘೋಷಣೆ

ನೀರಿಗಾಗಿ ಮೆರವಣಿಗೆ ತೆಗೆದೆ. ಒಟ್ಟು ಒಂಬತ್ತು ಜನ, ಬಾಯಮ್ಮನೂ ಬಂದರು. ನಾನು "ಸೆಕ್ರೆಟರಿ!" ಅಂದರೆ ಎಲ್ಲರೂ "ಮುರ್ದಾಬಾದ್!" ಅನ್ನಬೇಕು. ಹಿಂದಿನಿಂದ ಒಂದೇ ಒಂದು ದನಿ "ಜಿಂದಾಬಾದ್" ಅಂತು.

"ಎಂತ ಬಾಯಮ್ಮ ಇದು?"

"ಸಾಯ್ಲಿ ಅಂತ ಹೇಗೆ ಹೇಳುವುದು? ದಿನಾ ಬೆಳಿಗ್ಗೆ ಅವರ ತಾಯಿಗೆ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಕೊಡುವುದು ನಾನೇ."

ನನಗೆ ತಲೆ ಕೆಟ್ಟಿತು. "ನಿಮ್ಮ ನೀರು ನಿಲ್ಲಿಸಿದವನ ಮನೆಗೆ ಪುಕ್ಕಟೆ ಸೇವೆಯಾ? ಅವನಂಥವನನ್ನೂ ಪ್ರೀತಿಸಬೇಕಾ?"

"ಒಳ್ಳೆಯವರನ್ನು ಪ್ರೀತಿಸ್ಲಿಕ್ಕೆ ಏಸು ಯಾಕೆ ಬೇಕು? ಅದು ನೀವೂ ಮಾಡ್ತೀರಿ," ಅಂದರು. ಸ್ವಲ್ಪ ಯೋಚಿಸಿ ಸೇರಿಸಿದರು, "ನಿಮ್ಮನ್ನು ಸಹಿಸ್ಲಿಕ್ಕೂ ಅವನೇ ಬೇಕಾಯ್ತು."

ನನ್ನಂಥ ಬಾಯಿಬಡುಕನನ್ನು ಇಷ್ಟು ವರ್ಷ ಸಹಿಸಿದ್ದಕ್ಕೆ ಬಾಯಮ್ಮನಿಗೆ ಋಣಿ. ಏಸುವಿಗೂ.

೩. ಉಪವಾಸ

ಕೊನೆಗೆ ಗೇಟಿನ ಬಳಿ ಚಾಪೆ ಹಾಕಿ ಕೂತೆ. ಮರಾಠಿಯಲ್ಲಿ ನಾನೇ ಬೋರ್ಡು ಬರೆದೆ: "ಆಮರಣ ಉಪವಾಸ."

ಹತ್ತು ಗಂಟೆಗೆ ಒಬ್ಬಾಕೆ ಸಾಬುದಾಣಾ ಖಿಚಡಿ ತಂದಿಟ್ಟಳು. ಇನ್ನೊಬ್ಬಾಕೆ ಬಾಳೆಹಣ್ಣು. ಮತ್ತೊಬ್ಬಾಕೆ ಕಾಲಿಗೇ ಬಿದ್ದಳು. ಕಾಲಿಗೆ ಬೀಳುವ ಚಳವಳಿಯನ್ನು ನಾನು ಎಂದೂ ಕಂಡಿರಲಿಲ್ಲ.

ಬಾಯಮ್ಮ ಬಂದು ಬೋರ್ಡು ಓದಿ ಹಣೆ ಚಚ್ಚಿಕೊಂಡರು. "ಹೋರಾಟಕ್ಕೆ ಮರಾಠಿಯಲ್ಲಿ ಉಪೋಷಣ ಅನ್ಬೇಕು ಮಾರಾಯ್ರೆ. ಉಪವಾಸ ಅಂದ್ರೆ ದೇವರ ವ್ರತ! ಸಾಯುವವರೆಗೆ ವ್ರತ ಹಿಡಿದಿದ್ದೀರಿ ಅಂತ ತಿಳ್ಕೊಂಡಿದ್ದಾರೆ ಎಲ್ಲ. ಅದಕ್ಕೇ ಈ ಸಬ್ಬಕ್ಕಿ ಖಿಚಡಿ, ಹಣ್ಣು; ಇಲ್ಲಿ ವ್ರತದವರು ತಿನ್ನುವುದು ಅದನ್ನೇ."

ಬಯ್ದು ಹೋಗುತ್ತಾರೆ ಅಂದುಕೊಂಡೆ. ಆ ಮೊಣಕಾಲು ಮಡಚಿ ಪಕ್ಕದಲ್ಲೇ ಕೂತರು. ಅವರೂ ಏನೂ ತಿನ್ನಲಿಲ್ಲ.

ಸಂಜೆ ಸೆಕ್ರೆಟರಿ ಬಂದ. "ಬಾಯಮ್ಮ, ಈ ವಯಸ್ಸಲ್ಲಿ ನಿಮಗ್ಯಾಕೆ ಇದು? ಬೆಳಿಗ್ಗೆಯಿಂದ ಏನೂ ತಿಂದಿಲ್ಲವಂತೆ. ಇವರ ಪರವಾಗಿಯಾ?"

"ಅಲ್ಲ ಸಾಹೇಬ್ರೆ, ನಿಮಗಾಗಿ," ಅಂದರು ಬಾಯಮ್ಮ. "ನಿಮ್ಮ ಮನಸ್ಸಿಗೆ ಒಳ್ಳೇದಾಗ್ಲಿ ಅಂತ. ತಾಯಿಯ ಇಂಜೆಕ್ಷನ್ ಕೊಟ್ಟೇ ಬಂದು ಕೂತದ್ದು, ಚಿಂತೆ ಮಾಡ್ಬೇಡಿ."

ಅವನು ನೆಟ್ಟಗೆ ನೀರಿನ ಟಾಂಕಿಯ ಕಡೆ ನಡೆದ. ನನ್ನ ಇಪ್ಪತ್ತು ವರ್ಷದ ಭಾಷಣಗಳು ಯಾರನ್ನೂ ಹಾಗೆ ನಡೆಸಿರಲಿಲ್ಲ. ಐದೇ ನಿಮಿಷಕ್ಕೆ ಮೂರನೇ ಮಹಡಿಯಿಂದ ಯಾರೋ ಕಿರುಚಿದರು, "ಪಾಣೀ ಆಲಂ! ನೀರು ಬಂತು!"

ಬಾಯಮ್ಮ ಕಣ್ಣು ಮುಚ್ಚಿ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡರು. ಸುಳ್ಳು ಹೇಳುವುದಿಲ್ಲ, ನನ್ನ ಕಣ್ಣೂ ಒದ್ದೆಯಾಯಿತು. ಗೆದ್ದಾಯಿತು ಎಂದು ಬೋರ್ಡು ಕೀಳಲು ಕೈ ಹಾಕಿದೆ.

ಸೆಕ್ರೆಟರಿ ಓಡಿ ಬಂದು ನನ್ನ ಕೈ ಹಿಡಿದು ತಡೆದ. ಕಣ್ಣಲ್ಲಿ ನಿಜವಾದ ಭಕ್ತಿ.

"ಆಮರಣ ಅಂತ ಬರೆದಿದ್ದೀರಿ, ಮಧ್ಯದಲ್ಲಿ ವ್ರತ ಬಿಡಬೇಡಿ ಅಣ್ಣಾ. ಇನ್ನು ನೀರಿಗೆ ತೊಂದರೆಯಿಲ್ಲ, ನಿಶ್ಚಿಂತೆಯಿಂದ ಮುಂದುವರಿಸಿ!"