ಡುಮ್ಮನಿಗೆ ತೊಡಿಸಿದ ಬಿಗಿ ಅಂಗಿ

"ಈ ಹಾಳೆ ನೋಡಿ ಇಡೀ ಪೇಟೆ ಸೂಜಿ ದಾರ ಹಿಡಿದು ನಮ್ಮ ಬಾಗಿಲಿಗೆ ಬರದಿದ್ದರೆ ಕೇಳು!"

ಹೆಂಡತಿಯ ಮುಂದೆ ನಾನು ಹೀಗೆ ಎದೆ ತಟ್ಟಿಕೊಂಡು ಇಪ್ಪತ್ತೈದು ವರ್ಷವಾಯಿತು. ಆಗ ನಾನು ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸುವವ. ಅವಳು ಹೊಲಿಗೆ ತರಗತಿ ತೆರೆಯುವವಳಿದ್ದಳು. ಪರಿಚಯದ ಟೈಲರೊಬ್ಬರು ನಾಲ್ಕು ಮಿಷನ್ ಕಡ ಕೊಟ್ಟಿದ್ದರು. ವಾರದೊಳಗೆ ಹತ್ತು ಜನ ಸೇರದಿದ್ದರೆ ಮಿಷನ್ ವಾಪಸ್, ಅವಳ ಕನಸೂ ವಾಪಸ್.

ಪ್ರೆಸ್ಸಿನ ಕಂಪ್ಯೂಟರಿಗೆ ಆಗಷ್ಟೇ ಒಂದು ಹೊಸ ಅಕ್ಷರಶೈಲಿ, ಅಂದರೆ ಫಾಂಟ್, ಬಂದಿತ್ತು. ದಪ್ಪ, ದುಂಡು, ಮೂಲೆ ಎಂಬುದೇ ಇಲ್ಲ! ನಾನಿಟ್ಟ ಹೆಸರು 'ಡುಮ್ಮ'. ನೋಡಿದ್ದೇ ಕರಗಿಹೋದೆ. ನಮ್ಮ ಹಳ್ಳಿ ಶಾಲೆಯ ಗೋಡೆಯ ಮೇಲೆ ಪೇಂಟರ್ ಮಾಮ ಬರೆದ ಅ, ಆ, ಇ, ಈ ಥೇಟ್ ಹೀಗೇ ಇದ್ದವು. ಹೊಟ್ಟೆ ತುಂಬ ಉಂಡು ಬಿಸಿಲು ಕಾಯಿಸುತ್ತ ಕೂತ ಹಾಗೆ. ಮನೆಯಲ್ಲಿ ಓದು ಬಲ್ಲವರಿರಲಿಲ್ಲ. ಆ ಹೊಟ್ಟೆಗಳ ಮೇಲೆ ಬೆರಳಾಡಿಸಿಯೇ ನಾನು ಕಲಿತದ್ದು, ಡಿಗ್ರಿವರೆಗೆ ಬಂದದ್ದು. ಬಿಸಿಲಿಗೆ ಕಾದ ಆ ಬಣ್ಣದ ವಾಸನೆ ಈಗಲೂ ಮೂಗಿನಲ್ಲಿದೆ.

ಋಣ ತೀರಿಸಬೇಡವೇ? ತರಗತಿಯ ಜಾಹೀರಾತಿನ ಇಡೀ ಹಾಳೆಯನ್ನು ಡುಮ್ಮನಿಗೇ ಧಾರೆಯೆರೆದೆ! ತಲೆಬರಹ, ವೇಳೆ, ನಿಯಮ, ವಿಳಾಸ, ಫೋನ್ ನಂಬರ್... ಜಾಗ ಸಾಲದಾದಾಗ ಅವನನ್ನೇ ಕುಗ್ಗಿಸಿ ಕುಗ್ಗಿಸಿ ತುರುಕಿದೆ. ಐನೂರು ಪ್ರತಿ ಹಂಚಿದೆ.

ಎರಡು ದಿನ ಮನೆಯ ಫೋನು ಉಸಿರೆತ್ತಲಿಲ್ಲ. ಮೂರನೆಯ ದಿನ ಪ್ರೆಸ್ಸಿನ ಯಜಮಾನರು ಕೆಂಡವಾಗಿ ಬಂದರು.

"ಏನಯ್ಯಾ, ನಮ್ಮನೇಲಿ ಕಾಜಾ ಹೊಲಿಯೋದು ಹೇಳ್ಕೊಡ್ತಾರಂತೆ?"

"ಯಾರು ಹೇಳಿದ್ದು ಸಾರ್?"

"ನಿನ್ನ ಹಾಳೆ!"

ತುರ್ತು ಕೆಲಸಕ್ಕೆ ಕರೆಯಲೆಂದು ಅವರೇ ತಮ್ಮ ಮನೆಗೂ ನಮ್ಮ ಮನೆಗೂ ಒಟ್ಟಿಗೆ ಫೋನ್ ಹಾಕಿಸಿದ್ದರು. ಅವರ ನಂಬರಿನ ಕೊನೆಗೆ 6, ನಮ್ಮದಕ್ಕೆ 8, ವ್ಯತ್ಯಾಸ ಅಷ್ಟೇ. ಹಾಳೆ ನೋಡಿದೆ. ಅಯ್ಯೋ! ಸಣ್ಣಗಾದ ಡುಮ್ಮನ ಹೊಟ್ಟೆಯೊಳಗಿನ ಖಾಲಿ ಜಾಗಕ್ಕೆಲ್ಲ ಶಾಯಿ ನುಗ್ಗಿತ್ತು. ಆರೂ ಎಂಟೂ ಒಂದೇ ಕರಿ ಗುಂಡು!

"ಫೋನ್ ಮಾಡಿದವರಿಗೆ ಏನಂದ್ರಿ ಸಾರ್?"

"ಹೊಲಿಗೇನೂ ಇಲ್ಲ ಗಿಲಿಗೇನೂ ಇಲ್ಲ, ಇಡ್ರೀ ಫೋನು ಅಂದೆ!"

ಮನೆಗೆ ಬಂದು ತಪ್ಪೊಪ್ಪಿಕೊಂಡೆ. ಹೆಂಡತಿ ಬೈಯಲಿಲ್ಲ. ನನಗೆ ಇನ್ನೂ ಹೆದರಿಕೆಯಾಯಿತು.

"ರೀ, ದಪ್ಪಗಿರೋರಿಗೆ ಮಗು ಅಂಗಿ ತೊಡಿಸಿದ್ರೆ?"

"ಉಸಿರು ಕಟ್ಟತ್ತೆ."

"ನಿಮ್ಮ ಡುಮ್ಮನಿಗೂ ಅದೇ ಆಗಿದೆ. ಸಡಿಲವಾಗಿ ಒಂದೇ ಮಾತು ಹೇಳಿಸಿ. ಮಿಕ್ಕಿದ್ದನ್ನ ತೆಳ್ಳಗಿರೋರು ಹೇಳ್ತಾರೆ."

ದೊಡ್ಡ ಕಾಗದ ಹಾಸಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗೆರೆ ಎಳೆದು, ಬಣ್ಣ ತುಂಬಿದಳು: 'ಹೊಲಿಗೆ'. ಒಂದೊಂದು ಅಕ್ಷರವೂ ತಲೆದಿಂಬು! ಸುತ್ತ ಧಾರಾಳ ಖಾಲಿ ಜಾಗ. ಕೆಳಗೆ ತೆಳ್ಳನೆ ಅಕ್ಷರದಲ್ಲಿ ವೇಳೆ, ನಂಬರು. ನನಗಾಗ ಹೊಳೆಯಿತು: ಪೇಂಟರ್ ಮಾಮನೂ ಒಂದೊಂದು ಅಕ್ಷರಕ್ಕೆ ಮಾರುದ್ದ ಗೋಡೆ ಬಿಟ್ಟಿದ್ದರಲ್ಲ!

ಬಾಗಿಲಿಗೆ ಅಂಟಿಸಿದ ಮೂರೇ ದಿನದಲ್ಲಿ ಹನ್ನೊಂದು ಜನ ಸೇರಿದರು. ಮಿಷನ್ ಉಳಿಯಿತು. ಯಜಮಾನರೂ ನೋಡಲು ಬಂದರು. ಬಾಗಿಲಲ್ಲೇ ನಿಂತುಬಿಟ್ಟರು.

"ಯಾರಮ್ಮಾ ಬರೆದದ್ದು?"

"ನಾನೇ ಸಾರ್."

"ಎಂಥಾ ಕೈ! ನಾಳೆಯಿಂದ್ಲೇ ಪ್ರೆಸ್ಸಿಗೆ ಬಂದ್ಬಿಡಮ್ಮ, ಇವನ ಜಾಗಕ್ಕೆ!"

ನಾನು ಹೆಂಡತಿಯ ಮುಖ ನೋಡಿದೆ. ಅವಳು ಹಲ್ಲಿನಲ್ಲಿ ದಾರ ಕಡಿದು, ತಲೆಯೆತ್ತದೆ ಹೇಳಿದಳು:

"ನಂಗೆ ಪುರುಸೊತ್ತಿಲ್ಲ ಸಾರ್. ಇವರನ್ನೇ ಇಟ್ಕೊಳ್ಳಿ. ಕೆಡಿಸಿದ್ದನ್ನೆಲ್ಲ ಸಂಜೆ ಮನೆಗೆ ಕಳಿಸಿ, ಬಿಚ್ಚಿ ಹೊಲಿದು ಕೊಡ್ತೀನಿ!"