ಟಿ-3ಕ್ಕೆ ಇಟ್ಟ ಕುಂಕುಮ

ರೈಲಿನ ವಿಷಯ ಬಲ್ಲವರು ಮೊದಲೇ ಕ್ಷಮಿಸಬೇಕು. ನನ್ನದೆಲ್ಲ ಅವರಿವರಿಂದ ಕೇಳಿ ತಿಳಿದದ್ದು. ಆದರೂ ವ್ಯಾಸರಾಜನ ಪಾಡು ಹೇಳದೆ ಇರಲಾರೆ.

ನೂರು ವರ್ಷದ ಹಿಂದೆ ಜರ್ಮನಿಯಲ್ಲಿ ಟಿ-3 ಎಂಬ ಜಾತಿಯ ಪುಟ್ಟ ಉಗಿ ಇಂಜಿನ್ನುಗಳಿದ್ದವಂತೆ. ಆರು ಚಕ್ರ, ಮೋಟು ಮೈ. ಅಮೆರಿಕದ ಫಾಸ್ಟರ್ ಸಿಟಿಯಲ್ಲಿದ್ದ ಇಂಜಿನಿಯರ್ ವ್ಯಾಸರಾಜ ಅದರ ಅಂಗೈಯುದ್ದದ ಮಾದರಿಯೊಂದನ್ನು ಎರಡು ವರ್ಷ ಕೂತು ಹಿತ್ತಾಳೆಯಲ್ಲಿ ಮಾಡಿದ್ದ. ಕಣ್ಣು ಮುಚ್ಚಿದರೆ ಸಾಕು, ಅದು ಮನೆ ಹಿಂದಿನ ಲಗೂನಿನ, ಅಂದರೆ ಉಪ್ಪುನೀರಿನ ಕೆರೆಯ, ಮಂಜಿನ ಮೇಲೆ ಹಳಿಯಿಲ್ಲದೆ ತೇಲಿಹೋಗುತ್ತಿತ್ತು. ಇವನು ಒಳಗೆ ನಿಂತು ಕಲ್ಲಿದ್ದಲು ಹಾಕುತ್ತಿದ್ದ.

ಎಂಬತ್ತನಾಲ್ಕರ ಅಕ್ಟೋಬರಿನ ಒಂದು ಸಂಜೆ ಮಾದರಿ ರೈಲು ಕ್ಲಬ್ಬಿನಲ್ಲಿ ಸ್ಪರ್ಧೆಯಿತ್ತು. ಗೆದ್ದ ಇಂಜಿನ್ನು ವರ್ಷವಿಡೀ ಕ್ಲಬ್ಬಿನ ಹಳಿಯ ಮೇಲೆ ಓಡುತ್ತದೆ. ವ್ಯಾಸರಾಜನಿಗೆ ಬೇಕಾಗಿದ್ದುದು ಅಷ್ಟೇ.

ಅಂದೇ ಆಯುಧಪೂಜೆ. ಸ್ನಾನ ಮುಗಿಸಿ ಬಂದರೆ, ಹೆಂಡತಿ ಶೈಲಜಾ ಮಿಕ್ಸಿ, ಟೈಪ್‌ರೈಟರು, ಕಾರಿನ ಕೀಲಿಯ ಸಾಲಿನಲ್ಲಿ ಟಿ-3ನ್ನೂ ಕೂರಿಸಿ, ಬಾಯ್ಲರಿನ ಹಣೆಗೆ ಕುಂಕುಮ ಇಟ್ಟಿದ್ದಾಳೆ! ಚಕ್ರದಡಿಯ ನಿಂಬೆಹಣ್ಣು ಚಕ್ರಕ್ಕಿಂತ ದೊಡ್ಡದು. ಇಂಜಿನ್ನು ಜಾಕ್ ಕೊಟ್ಟ ಲಾರಿಯ ಹಾಗೆ ವಾಲಿತ್ತು.

"ಶೈಲೂ, ಏನೇ ಇದು! ಸಂಜೆ ಕಾಂಪಿಟಿಷನ್ನು!"

"ಹೌದಾ? ನಾಳೆ ಅಂದ್ಕೊಂಡಿದ್ದೆ. ಪೂಜೆಗೆ ಕೂರಿಸಿದ್ದನ್ನ ಇವತ್ತು ಎತ್ತೋ ಹಾಗಿಲ್ಲ ರೀ. ಪಕ್ಕದ್ಮನೆ ಹರ್ಮನ್ ತಾತ ಮರದಿಂದ ನಿಂಬೆಹಣ್ಣು ಕಿತ್ತುಕೊಟ್ರು. ಯಾಕೆ, ಏನು ಅಂತ ಎಲ್ಲಾ ಕೇಳ್ಕೊಂಡ್ರು, ಪಾಪ."

"ಅವರ ಹತ್ರಾನೂ ಟಾಂ ಟಾಂ ಮಾಡಿದ್ಯಾ?"

ಸಂಜೆ ಅವಳು ಡ್ಯಾನ್‌ವಿಲ್ಲಿನ ಗೆಳತಿ ಪ್ರಭಾಳ ಜೊತೆ ಫೋನಿನಲ್ಲಿ ಮುಳುಗಿದಾಗ ವ್ಯಾಸರಾಜ ಇಂಜಿನ್ನನ್ನು ಟವೆಲಿನಲ್ಲಿ ಸುತ್ತಿ ಜಾರಿಕೊಂಡ. ಕಾರಿನ ಕೀಲಿಗೂ ಹೂ ಮುಡಿಸಿದ್ದಳಲ್ಲ, ಮುಟ್ಟಲು ಧೈರ್ಯ ಸಾಲದೆ ಬಸ್ಸು ಹತ್ತಿದ.

ಬಸ್ಸಿನಲ್ಲಿ ಕುಂಕುಮ ಒರೆಸಿದ. ಬೊಟ್ಟು ಪಟ್ಟೆಯಾಯಿತು. ಕರ್ಚೀಫಿನಿಂದ ಉಜ್ಜಿದ. ಪಟ್ಟೆ ಅವನ ಅಂಗಿಗೆ, ಅಲ್ಲಿಂದ ಕೆನ್ನೆಗೆ ಹತ್ತಿತು. ಪಕ್ಕದ ಹೆಂಗಸು ಗಾಬರಿಯಾಗಿ ಬ್ಯಾಂಡೇಜು ಚಾಚಿದಳು. ಕೊನೆಗೆ ಕ್ಲಬ್ಬಿನ ಬಾತ್‌ರೂಮಿನಲ್ಲಿ ಸೋಪು ಹಾಕಿ ತಿಕ್ಕಿ ತೊಳೆದ. ಇಂಜಿನ್ನು ಅಂಗಡಿಯ ಹೊಸ ಚೊಂಬಿನಂತೆ ಹೊಳೆಯಿತು.

ತೀರ್ಪುಗಾರರು ಬಂದರು. ನೋಡಿದರೆ ಪಕ್ಕದ ಮನೆಯ ಹರ್ಮನ್!

ಮುದುಕ ಇಂಜಿನ್ನನ್ನು ತಿರುಗಿಸಿ ತಿರುಗಿಸಿ ನೋಡಿದ. "ಕೆಂಪು ಬೊಟ್ಟೆಲ್ಲಿ?"

"ತೊಳೆದುಬಿಟ್ಟೆ... ಅದು ಅಸಲಿ ಬಣ್ಣ ಅಲ್ಲವಲ್ಲ."

ಹರ್ಮನ್ ಕುರ್ಚಿಯಲ್ಲಿ ಕುಸಿದ. "ನಮ್ಮಪ್ಪ ಟಿ-3 ಓಡಿಸುತ್ತಿದ್ದ. ಹಬ್ಬದ ದಿನ ಅದಕ್ಕೆ ಅಮ್ಮ ಹೂವು ಕಟ್ಟುತ್ತಿದ್ದಳು. ಬೆಳಿಗ್ಗೆ ನಿನ್ನ ಹೆಂಡತಿ ಹೇಳಿದಾಗಿನಿಂದ ಅದೇ ಕಣ್ಣಮುಂದೆ. ಇಲ್ಲಿರುವುದೆಲ್ಲ ಕಾರ್ಖಾನೆಯಿಂದ ಈಗ ಬಂದ ಹಾಗಿದೆ. ಮನೆಯವರು ಮುಟ್ಟಿದ ಗುರುತಿರುವುದು ನಿನ್ನದೊಂದಕ್ಕೇ ಅಂತ ಕಮಿಟಿಯನ್ನೂ ಒಪ್ಪಿಸಿದ್ದೆನಲ್ಲಯ್ಯಾ!"

ಬಹುಮಾನ ಒಬ್ಬ ಹಲ್ಲಿನ ಡಾಕ್ಟರಿಗೆ ಹೋಯಿತು. ಮತ್ತೆ ಹುಡುಕಿದಾಗ ಅವರ ಇಂಜಿನ್ನಿನ ಅಡಿಯಲ್ಲಿ ಮೊಮ್ಮಗಳು ಜಾಮು ತಿಂದ ಕೈಯ ಬೆರಳಚ್ಚು ಸಿಕ್ಕಿತ್ತು.

ವ್ಯಾಸರಾಜ ಮನೆಗೆ ಬಂದು ಟಿ-3ನ್ನು ಮಿಕ್ಸಿಯ ಪಕ್ಕ ತೆಪ್ಪಗೆ ಇಟ್ಟ. ಶೈಲಜಾ ಅವನ ಕೆಂಪು ಕೆನ್ನೆ ನೋಡಿದಳು. "ಎತ್ತಬೇಡಿ ಅಂದಿದ್ದೆ" ಅಂದಳು, ಅಷ್ಟೇ.

ಬೆಳಿಗ್ಗೆ ಬಾಯ್ಲರಿನ ಹಣೆಯಲ್ಲಿ ಹೊಸ ಬೊಟ್ಟಿತ್ತು. ಆರೂ ಚಕ್ರ ಒದ್ದೆ. ಶೈಲಜಾ ತಾನಲ್ಲ ಅನ್ನುತ್ತಾಳೆ. ಯಾರಿಟ್ಟರೋ, ಅದು ಎಲ್ಲಿಗೆ ಹೋಗಿಬಂತೋ, ನನಗೂ ತಿಳಿಯದು.