ಎಡಗಡೆ ಕೂತ ಮಾವ

ನಮ್ಮ ಸೋದರಮಾವ ಗಂಡಸು ಹೌದೋ ಅಲ್ಲವೋ ಎಂದು ತೀರ್ಮಾನಿಸಲು ನಮ್ಮ ಚರ್ಚಿನ ಹಿರಿಯರು ಒಮ್ಮೆ ಸಭೆ ಕರೆದಿದ್ದರು. ನಗಬೇಡಿ. ಮಾವನನ್ನು ನೋಡಿದ್ದರೆ ನೀವು ಇನ್ನೂ ಹೆಚ್ಚು ನಗುತ್ತಿದ್ದಿರಿ. ಆರಡಿ ಆಳು. ಖಾನಾಪುರದ ಕಟ್ಟಿಗೆ ಅಡ್ಡೆಯಲ್ಲಿ ಸಾಗವಾನಿ ದಿಮ್ಮಿ ಹೊರಳಿಸಿ ಹೊರಳಿಸಿ ದಿಮ್ಮಿಯಂತೆಯೇ ಆಗಿದ್ದ ತೋಳು. ಯಾವ ಮನೆಗೆ ಹೋದರೂ ಮೊದಲು ಅವನ ಮೀಸೆ ಒಳಗೆ ಬರುತ್ತಿತ್ತು, ಆಮೇಲೆ ಅವನು.

ತಕರಾರು ಶುರುವಾದದ್ದು ರೊಟ್ಟಿಯಿಂದ. ಅತ್ತೆ ನರ್ಸ್ ಕೆಲಸ ಕಲಿತವಳು, ಹೆರಿಗೆ ಮಾಡಿಸಲೆಂದು ಹಳ್ಳಿ ಹಳ್ಳಿ ತಿರುಗುತ್ತಿದ್ದಳು. ಅವಳು ದಣಿದು ಬಂದು ಮಲಗಿದ ದಿನ ಮಾವ ಅಂಗಳದ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದ. ಆ ಸಪ್ಪಳ ಲೋಂಡಾದವರೆಗೂ ಕೇಳುತ್ತದೆಂದು ಊರ ಮಂದಿ ಆಡಿಕೊಳ್ಳುತ್ತಿದ್ದರು. ಒಂದು ಬೆಳಿಗ್ಗೆ ನೆರೆಮನೆಯ ಯಜಮಾನರು ತಡೆಯಲಾರದೆ ಕೇಳಿದರು.

"ಯಾಕ್ರೀ, ಮನ್ಯಾಗ ಹೆಣ್ಣುಮಕ್ಕಳು ಇಲ್ಲೇನು?"

"ಅದಾಳ್ರಿ, ಒಳಗ ಮಲಗ್ಯಾಳ. ರಾತ್ರಿಯೆಲ್ಲಾ ಆಕಿ ಎದ್ದಿದ್ಲು, ನಾ ಗೊರಕಿ ಹೊಡದೀನಿ. ಈಗ ರೊಟ್ಟಿ ಯಾರು ಬಡೀಬೇಕು, ನೀವ ಹೇಳ್ರಿ."

ಬೇಲಿಯ ಆಚೆ ಆ ಯಜಮಾನರ ಹೆಂಡತಿ ನಿಂತು ಎಲ್ಲ ಕೇಳುತ್ತಿದ್ದರು. ಅಂದಿನಿಂದ ಗಂಡ ಮಾವನೊಂದಿಗೆ ಮಾತು ಬಿಟ್ಟರು, ಹೆಂಡತಿ ಉಪ್ಪಿನಕಾಯಿ ಕಳಿಸತೊಡಗಿದರು.

ಇಷ್ಟಕ್ಕೇ ಮುಗಿದಿದ್ದರೆ ಊರ ಮಾತು ಊರಲ್ಲೇ ಉಳಿಯುತ್ತಿತ್ತು. ಆದರೆ ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ಮಾವ-ಅತ್ತೆಗೊಂದು ಹೆಣ್ಣು ಕೂಸು ಹುಟ್ಟಿತು. ನಮ್ಮ ಚರ್ಚು ಇದ್ದದ್ದು ಬೆಳಗಾವಿಯ ಕ್ಯಾಂಪಿನ ಬಳಿ. ಗಂಡಸರು ಬಲಗಡೆ, ಹೆಂಗಸರು ಎಡಗಡೆ. ಅತ್ತೆ ಯಾರದೋ ಹೆರಿಗೆ ಮಾಡಿಸಲು ಹೋಗಿದ್ದ ಒಂದು ರವಿವಾರ ಮಾವ ಏಳು ತಿಂಗಳ ಕೂಸನ್ನು ಹೆಗಲಿಗೆ ಹಾಕಿಕೊಂಡು ರೈಲು ಹತ್ತಿ ಬಂದು ಬಲಗಡೆ ಹಿರಿಯರ ಸಾಲಿನಲ್ಲಿ ಕೂತ; ಅಪ್ಪನ ತರುವಾಯ ಅವನೂ ಚರ್ಚಿನ ಹಿರಿಯರಲ್ಲೊಬ್ಬನಾಗಿದ್ದ. ಪ್ರಾರ್ಥನೆಯ ನಡುವೆ ಕೂಸು ರಾಗ ತೆಗೆಯಿತು. ಹಿರಿಯರಿಗೆಲ್ಲ ಹಿರಿಯರಾದ ಪೆನ್ಷನ್ ಸುಬೇದಾರರು ಕಣ್ಣು ಮುಚ್ಚಿಕೊಂಡೇ ಗುಡುಗಿದರು.

"ಕೂಸಿನ್ನ ಹೆಣ್ಣುಮಕ್ಕಳ ಬಾಜೂಕ ಬಿಟ್ಟು ಬರ್ರಿ."

ಮಾವ ಎದ್ದು ಹೋದ. ಹೋದವನು ಬಿಟ್ಟು ಬರಲಿಲ್ಲ, ತಾನೂ ಅಲ್ಲೇ ಕೂತ! ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಸರಿದು ಜಾಗ ಮಾಡಿದರು. ಆಮೇಲೆ ಸುಬೇದಾರರು ತಡೆದು ನಿಲ್ಲಿಸಿ ಕೇಳಿದಾಗ ಮಾವ ಹೇಳಿದ್ದಿಷ್ಟು: "ಕೂಸಿಗೆ ನಾ ಬೇಕಿತ್ತು, ನಿಮಗ ಶಾಂತಿ ಬೇಕಿತ್ತು. ಇಬ್ಬರದೂ ಆತಲ್ರಿ."

ಮಹಾಯುದ್ಧ ಮುಗಿದು ನಾಲ್ಕಾರು ವರ್ಷವಾಗಿದ್ದ ಕಾಲ ಅದು. ಹೊಸದಾಗಿ ಬಂದ ಪಾದ್ರಿಗಳಿಗೆ ನಮ್ಮ ಗಂಡಸರು ಮೆತ್ತಗಾಗಿದ್ದಾರೆಂಬ ಚಿಂತೆ. ಕ್ರೈಸ್ತ ತರುಣ ಸಿಪಾಯಿಯಂತಿರಬೇಕೆಂದು ಪ್ರಸಂಗ ಮಾಡಿ ಶನಿವಾರ ಸಂಜೆ ಕವಾಯತು ಇಟ್ಟರು. ಸುಬೇದಾರರೇ ಉಸ್ತಾದರು. ಮೊದಲ ಶನಿವಾರ ಗುಂಡುಕಲ್ಲು ಯಾರ ಕೈಯಲ್ಲೂ ಮೊಳಕಾಲು ದಾಟಲಿಲ್ಲ. ಮಾವ ಬಂದ, ಕೂಸನ್ನು ಪಾದ್ರಿಗಳ ಕೈಗೆ ಕೊಟ್ಟ, ಕಲ್ಲನ್ನು ಹೆಗಲಿಗೇರಿಸಿ ಇಳಿಸಿದ, ಕೂಸನ್ನು ವಾಪಸು ತೆಗೆದುಕೊಂಡ. ಎಲ್ಲರೂ ಅವನ ಬಾಯಿಂದ ಏನೋ ಗಂಡುಮಾತು ಬರುತ್ತದೆಂದು ಕಾದರು.

"ಪಾದ್ರಿ ಸಾಹೇಬ್ರ, ಕೂಸು ನಿಮ್ಮ ಅಂಗಿ ತೋಯಿಸೈತ್ರಿ."

ನಗೆ ಅಲ್ಲಿಗೆ ನಿಂತಿದ್ದರೆ ಸರಿ. ಮುಂದಿನ ವಾರ ಇನ್ನಿಬ್ಬರು ತರುಣರು ತಮ್ಮ ಕೂಸುಗಳನ್ನೆತ್ತಿಕೊಂಡು ಎಡಗಡೆ ಹೋಗಿ ಕೂತರು. ಸುಬೇದಾರರು ಸಭೆ ಕರೆದೇಬಿಟ್ಟರು. ಮಾವನನ್ನು ಹಿರಿತನದಿಂದ ತೆಗೆಯುವುದು ವಿಷಯ. ನಾನಾಗ ಹುಡುಗಿಯರ ಸಾಲೆಯಲ್ಲಿ ಕಲಿಸುತ್ತಿದ್ದೆ. ಅಕ್ಷರ ಚಂದವೆಂದು ನಡಾವಳಿ ಬರೆಯಲು ನನ್ನನ್ನು ಕೂರಿಸಿದರು. ಗಂಡಸುತನದ ತೀರ್ಪು ಬರೆಯಲು ಹೆಂಗಸೇ ಬೇಕಾಯಿತು ನೋಡಿ.

"ಹಿರಿಯ ಆದವ ಹೆಂಗಸರ ನಡುವ ಕೂಸು ಎತ್ಕೊಂಡು ಕುಂತ್ರ ಹುಡುಗ್ರು ಏನು ಕಲೀತಾರ?" ಎಂದರು ಸುಬೇದಾರರು.

"ಕೂಸು ಎತ್ಕೊಳ್ಳೂದು ಕಲೀತಾರ್ರಿ," ಎಂದ ಮಾವ.

ಯಾರೋ ನಕ್ಕರು. ಮಾವ ನಗದೆ, ತೊಡೆಯ ಮೇಲಿದ್ದ ಕೂಸನ್ನು ಹೆಗಲಿಗೆ ಹಾಕಿಕೊಂಡ. "ನಮ್ಮಪ್ಪ ಕುಂತ ಜಾಗಾ ಇದು. ಬಿಡಾಕ ಜೀವ ಒಪ್ಪವಲ್ದು. ಖರೇ ಕೂಸಿನ್ನ ಇಳಸೂದಂತೂ ಆಗೂದಿಲ್ರಿ. ಕಾಗದ ಕೊಡ್ರಿ, ನಾನ ಬಿಡತೀನಿ."

ರಾಜೀನಾಮೆ ಬರೆಯಲು ಕೈ ಖಾಲಿಯಾಗಬೇಕಲ್ಲ? ಪಕ್ಕದಲ್ಲಿದ್ದವರು ಸುಬೇದಾರರು. "ಒಂದ್ ಗಳಿಗಿ ಹಿಡೀರಿ," ಎಂದು ಕೂಸನ್ನು ಅವರ ಕೈಗೇ ಕೊಟ್ಟ. ಅವರು ಬಂದೂಕು ಹಿಡಿದಂತೆ ಹಿಡಿದರು. ಕೂಸು ಅವರ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿತು. ಬೇಸರ ಬಂದಿರಬೇಕು, ಅವರ ಭುಜಕ್ಕೆ ತಲೆಯಾನಿಸಿ ಮಲಗಿಬಿಟ್ಟಿತು.

ಮಾವ ಸಹಿ ಹಾಕಿ ಕಾಗದವನ್ನು ಸರಿಸಿದ. ಯಾರೂ ಮುಟ್ಟಲಿಲ್ಲ.

"ನಮ್ಮ ಮಗಗ ಮೂವತ್ತು ವರ್ಷ," ಎಂದರು ಸುಬೇದಾರರು, ಕೂಸು ಎದ್ದೀತೆಂಬ ಮೆಲುದನಿಯಲ್ಲಿ. "ನಾ ಒಳಗ ಬಂದ್ರ ಈಗೂ ಎದ್ದು ನಿಂದರತಾನ. ಮರ್ಯಾದಿ ಅಂತ ತಿಳಕೊಂಡಿದ್ದೆ." ಕೂಸಿನ ಬೆನ್ನಿಗೆ ಅಂಗೈಯಾನಿಸಿ, "ಇಷ್ಟಿದ್ದಾಗ ಅಂವ ಎಷ್ಟು ಭಾರ ಇದ್ದನೋ, ನನಗ ಗೊತ್ತಿಲ್ಲ," ಎಂದರು.

ಪಾದ್ರಿಗಳು ಕಾಗದವನ್ನು ಮಡಚಿ ಹರಿದರು. ಖಾನಾಪುರದ ರೈಲಿಗೆ ಹೊತ್ತಾಗಿತ್ತು. ನಾನು ಮಾವನಿಗೆ ಕಣ್ಣಿನಲ್ಲೇ ನೆನಪಿಸಿದೆ. ಅವನು ಸುಮ್ಮನಿರು ಎಂಬಂತೆ ತಲೆಯಾಡಿಸಿದ. ದೂರದಲ್ಲಿ ಗಾಡಿ ಕೂಗಿತು. ಸುಬೇದಾರರ ಭುಜದ ಮೇಲೆ ಮಲಗಿದ್ದ ಕೂಸಿಗೆ ಮಾವ ಕೈ ಚಾಚಲಿಲ್ಲ.